ಗೆಣ್ಣು

ಗಂಟಲು ಕೆರೆದುಕೊಂಡೇ ಶುರುಮಾಡಬೇಕಾದ ಪದ ಅದು:
ಖೆಲೇಡಿಂಗ್.
ನಮ್ಮ ಶಾಲೆಯ ಮಂಡಳಿಯಲ್ಲಿ ಹೆತ್ತವರದೊಂದು, ಸಿಬ್ಬಂದಿಯದೊಂದು,
ಮೂರು ಮೂರು ಜನ. ನಾನು ಹೆತ್ತವರ ಪೈಕಿ,
ಅಕ್ಷರ ದುಂಡಗಿದೆಯೆಂದು ನಡಾವಳಿಯೂ ನನ್ನ ತಲೆಗೇ.

ಅದೇ ಪದ ಸಿಗಡಿಗೂ ಉಂಟು.
ಹೋದ ವಾರ ಫ್ರೌಕ್ಯೆ ಊಟದ ಮೇಜಿನಲ್ಲಿ
ಸಿಪ್ಪೆ ಬಿಡಿಸುತ್ತ ಪಾಠ ಒಪ್ಪಿಸಿದಳು:
ಇದೊಂದು ಖೆಲೇಡಿಂಗ್ ಅಮ್ಮ, ಇದು ಇನ್ನೊಂದು,
ಗೆಣ್ಣಿಗೆ ಗೆಣ್ಣು ಕೂಡಿರೋದಕ್ಕೇ ಇದು ಬಾಗುತ್ತೆ,
ಇಡೀ ಮೈಗೆ ಒಂದೇ ಚಿಪ್ಪಿದ್ದಿದ್ದರೆ ಈಜೋದು ಹೇಗೆ?
ಬಂದರಿನ ಶೆಡ್ಡಿನಲ್ಲಿ ಹದಿನೆಂಟು ವರ್ಷ
ಕಿಲೋ ಲೆಕ್ಕದಲ್ಲಿ ಸಿಗಡಿ ತೂಗಿದವಳು ನಾನು,
ಒಂದನ್ನೂ ಎಣಿಸಿ ನೋಡಿರಲಿಲ್ಲ.

ಮಂಗಳವಾರ ಸಂಜೆ ಒಂದನೇ ತರಗತಿಯ ಕುಳ್ಳ ಕುರ್ಚಿಗಳಲ್ಲಿ
ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತೆವು.
ಇಪ್ಪತ್ತೊಂಬತ್ತು ಮಕ್ಕಳ ಶಾಲೆ,
ಪಕ್ಕದೂರಿನದರೊಳಗೆ ಕರಗಿಸಬೇಕಂತೆ.
ಹನ್ನೊಂದು ಕಿಲೋಮೀಟರು. ಬಸ್ಸು ಕೊಡುತ್ತಾರಂತೆ,
ಒಳಗೆ ಬೆಚ್ಚಗಿರುತ್ತದಂತೆ.

ಅಮ್ಮನ ಕಾಲಕ್ಕೆ ಸಿಗಡಿಯನ್ನು ಅಡುಗೆಮನೆಗಳಲ್ಲೇ ಸುಲಿಯುತ್ತಿದ್ದರು.
ಈಗ ಅದೂ ಲಾರಿ ಹತ್ತುತ್ತದೆ,
ಮೊರಾಕೊಗೆ ಹೋಗಿ ಬೆತ್ತಲಾಗಿ ಬರುತ್ತದೆ,
ಇದೇ ಒಡ್ಡಿನ ಕೆಳಗೆ ಇಳಿಯುತ್ತದೆ.
ಹೇಳಬೇಕೆಂದುಕೊಂಡೆ. ಹೇಳಲಿಲ್ಲ.
ಬರೆಯುವವಳೇ ಬಾಯಿ ತೆರೆದರೆ
ಬರೆದುಕೊಳ್ಳುವವರು ಯಾರು?

ಹೆತ್ತವರು ಮೂವರೂ ಬೇಡ ಅಂದೆವು.
ಟೀಚರು ಇಬ್ಬರೂ ಬೇಕು ಅಂದರು, ಗಡಿಯಾರ ನೋಡುತ್ತ;
ಅವರಿಗೆ ಅಲ್ಲಿ ಕೆಲಸ ಉಂಟೆಂದು ಕಾಗದ ಬಂದಿದೆ,
ನನಗೂ ಬಂದಿದ್ದರೆ ನಾನೂ ನೋಡುತ್ತಿದ್ದೆನೇನೋ.
ಉಳಿದವನು ಜವಾನ ವೀಬ್ರನ್.
ಬಾಯ್ಲರು, ಬೀಗ, ಮಕ್ಕಳ ಒದ್ದೆ ಕೈಗವಸು,
ಮೂವತ್ತೆಂಟು ಚಳಿಗಾಲ ಎಲ್ಲ ಸೇರಿ
ಅವನ ಬೆರಳ ಗೆಣ್ಣುಗಳು ದೋಣಿಹಗ್ಗದ ಗಂಟುಗಳಾಗಿವೆ.

ಕೈ ಎತ್ತಿದ. ಎತ್ತಿದನೆ?
ಗದ್ದದ ತನಕ ಬಂದು ನಿಂತಿತು,
ಬೆರಳು ಮಡಚಿಕೊಂಡೇ, ಬಾಗಿಲು ತಟ್ಟಲು ಹೊರಟ ಹಾಗೆ.
ಇದು ಹೌದೋ, ವೀಬ್ರನ್? ಅಧ್ಯಕ್ಷೆ ಕೇಳಿದಳು.
ಇದಕ್ಕಿಂತ ನೆಟ್ಟಗಾಗೋದಿಲ್ಲ, ಅಂದ.

ಯಾರೂ ನಗಲಿಲ್ಲ.
ಹೊರಗೆ ಗಾಳಿ, ಧ್ವಜದ ಕಂಬಕ್ಕೆ ಹಗ್ಗ ಬಡಿಯುವ ಸದ್ದು.
ಮತ್ತೊಮ್ಮೆ ಕೇಳಿರೆಂದು ನಾವೂ ಹೇಳಲಿಲ್ಲ, ಅವರೂ ಹೇಳಲಿಲ್ಲ.
ಕೈ ಮಾತ್ರ ಅಲ್ಲೇ ಇತ್ತು, ಇಳಿಸಿ ಎಂದು ಯಾರಾದರೂ ಅನ್ನಲಿ ಎಂಬಂತೆ.

ನಾನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ:
ಹೆತ್ತವರು, ಮೂರು ಇಲ್ಲ.
ಸಿಬ್ಬಂದಿ, ಎರಡು ಹೌದು,
ಒಂದು ಗೆಣ್ಣು.