ಮಾರ್ಚ್ ಲೆಕ್ಕ, ಪಾಲಿಬೆಟ್ಟ

ತೋಟದಲ್ಲಿ ನನ್ನನ್ನು ರೈಟರ್ ಅಂತಾರೆ.
ಬರೆಯುವುದು ಚೆಕ್‌ರೋಲು, ಅಷ್ಟೇ.

ಸುಲಿದು ಮಾರಿದ ಕಾಫಿಯ ವರಮಾನದಲ್ಲಿ
ಮುಕ್ಕಾಲು ಪಾಲು ಮಣ್ಣಿನದು, ತೆರಿಗೆಯಿಲ್ಲ.
ಕಾಲು ಪಾಲು ವ್ಯಾಪಾರ, ಕಟ್ಟಬೇಕು.
ಯಾವ ಪುಣ್ಯಾತ್ಮ ಅಳೆದನೋ
ಬೀಜದೊಳಗೆ ಮಣ್ಣು ಎಲ್ಲಿಗೆ ಮುಗಿಯಿತೆಂದು!
ಬೆಳ್ಯಪ್ಪ ಸಾಹುಕಾರ್ರ ಫೈಲು ಮಡಿಕೇರಿಯ ಆಡಿಟರಿಗೆ ಹೋಯಿತು.

ನನ್ನದು ಬರೀ ಸಂಬಳ. ಮಣ್ಣಿಲ್ಲ.
ವೃತ್ತಿ ತೆರಿಗೆ ಇನ್ನೂರು,
ಫೆಬ್ರವರಿಗೆ ಮುನ್ನೂರು:
ದಿನ ಕಮ್ಮಿಯಿರುವ ತಿಂಗಳಿಗೇ ನೂರು ಜಾಸ್ತಿ.

ಸಂಜೆ ಲೈನುಮನೆಯಿಂದ ಚೋಂದಿ ಬಂದಳು.
"ನೂರಕ್ಕೆ ಹನ್ನೆರಡು ಹಿಡೀತೀರಲ್ಲ, ಎಲ್ಲುಂಟು ಅದು?"
ಪಿಎಫ್‌ನಲ್ಲುಂಟು, ಅಂದೆ. ಐವತ್ತೆಂಟು ತುಂಬಲಿ.
"ಈಗೆಷ್ಟು?"
ಆಧಾರ್ ನೋಡಿದೆ: ಜನವರಿ ಒಂದು.
ಅವಳ ಗಂಡನದೂ ಜನವರಿ ಒಂದು. ಅತ್ತೆಯದೂ.
"ಆನೆ ಬಂದು ತೂಕದ ಮನೆ ಬೀಳಿಸಿದ್ದಲ್ಲ,
ಆಗ ನಾನು ಅವ್ವನ ಹೊಟ್ಟೆಯಲ್ಲಿದ್ದೆ."

ಅಟ್ಟದಿಂದ ಹಳೇ ಚೆಕ್‌ರೋಲು ಇಳಿಸಿದೆ.
ನನಗಿಂತ ಚೆಂದದ ಅಕ್ಷರ, ಯಾರದೋ:
ತೂಕದ ಮನೆ ರಿಪೇರಿ, ಆರಾಳು.
ಕೆಳಗೆ: ಕಾಳಿ, ಅರ್ಧ ದಿನ, ಬಸುರಿ.
ಇಸವಿಯಿದ್ದ ಮೂಲೆ ಮಾತ್ರ ಗೆದ್ದಲಿಗೆ ಹೋಗಿತ್ತು.

ಓದಿ ಹೇಳಿದೆ.
ಚೋಂದಿ ಅವ್ವನ ಹೆಸರಿನ ಮೇಲೆ ಬೆರಳಿಟ್ಟಳು,
ತೆಗೆಯಲಿಲ್ಲ.
ಆ ಅರ್ಧ ದಿನಕ್ಕೆ
ಯಾರೂ ಏನೂ ಹಿಡಿದಿರಲಿಲ್ಲ.