ಬಾಡಿ ಅರ್ತ್

ಓಡುವಾಗ ಏನೂ ಇಲ್ಲ, ನಿಂತಾಗ ಸಾಯುತ್ತೆ
ಅಂದರು ದಾಕ್ಷಾಯಿಣಿ ಮೇಡಂ,
ಮಿನರ್ವ ಸರ್ಕಲ್ಲಿಂದ ನಾಲ್ಕು ಜನ ತಳ್ಳಿಕೊಂಡು ಬಂದ
ಹಳೇ ಜೆನ್ನಿನ ಬಾನೆಟ್ಟು ನಾನಿನ್ನೂ ಎತ್ತಿರಲಿಲ್ಲ.

ಮೂರು ಗ್ಯಾರೇಜಿನ ಬಿಲ್ಲು ಕೈಗಿತ್ತರು:
ಪಂಪು ಹೊಸದು, ಫಿಲ್ಟರು ಹೊಸದು,
ನಾಲ್ಕೂ ಇಂಜೆಕ್ಟರು ಬಿಚ್ಚಿ ತೊಳೆದದ್ದು,
ರಿಲೇ ಎರಡು ಸಲ.
ಎಲ್ಲರೂ ಹೊಟ್ಟೆಯನ್ನೇ ಒತ್ತಿ ನೋಡಿದ್ದಾರೆ.

ಮೀಟರು ತೆಗೆದೆ.
ಇಂಜೆಕ್ಟರು ಒಂದೊಂದೂ ಹದಿನಾಲ್ಕು ಓಮ್ಸ್, ಸರಿಯಾದ ಲೆಕ್ಕ.
ಸಾಕೆಟ್ಟಿಗೆ ಪುಟ್ಟ ಬಲ್ಬು ಸಿಕ್ಕಿಸಿ ಸೆಲ್ಫ್ ಹೊಡೆಸಿದರೆ
ಮಿಣಕ್ ಮಿಣಕ್, ನಾಲ್ಕಕ್ಕೂ ಜೀವ ಇದೆ.
ಸ್ಟಾರ್ಟ್ ಮಾಡಿ ವೈರಿನ ಜಡೆ ಅಲ್ಲಾಡಿಸಿದೆ, ಎಳೆದೆ, ಬೈದೆ.
ಇಂಜಿನ್ನು ಗೊಣಗಲೂ ಇಲ್ಲ.
ಇಂಥ ಗಾಡಿಗಳೇ ಮನೆಹಾಳು,
ಡಾಕ್ಟರ ಮುಂದೆ ಕೆಮ್ಮುವುದಿಲ್ಲ.

ಕರೆಂಟು ಹೋಗೋ ದಾರಿ ಎಲ್ಲರೂ ನೋಡ್ತಾರೆ ಕಣೋ,
ವಾಪಸ್ ಬರೋ ದಾರಿ ನೋಡು
ಅನ್ನುತ್ತಿದ್ದರು ನನ್ನ ಉಸ್ತಾದ್ ಜಬ್ಬಾರ್ ಸಾಬರು.
ಅವರ ಬಾಯಲ್ಲಿ ಅರ್ತಿಗೂ ಅರ್ಥಕ್ಕೂ ಒಂದೇ ಉಚ್ಚಾರ.
ಅರ್ಥ ಇಲ್ಲ ಇದ್ರಲ್ಲಿ, ಅಂತ ಅವರು ತಲೆಯೆತ್ತಿದರೆ
ಗಿರಾಕಿಗಳು ಕಾರು ಮಾರುವ ಮಾತಾಡುತ್ತಿದ್ದರು.

ಬಿಸಿಯಾಗಲಿ ಅಂತ ಕಾದೆವು.
ಜೆ.ಸಿ. ರಸ್ತೆಯ ಸಂಜೆಯ ಹಾರನ್ನು.
ಎದುರಿನ ಸೀಟ್ ಕವರ್ ಅಂಗಡಿ ಹುಡುಗ ಬೈಟೂ ಟೀ ತಂದ.
ಹಿಂದಿನ ಸೀಟಲ್ಲಿ ಬಾಯಿಬಿಟ್ಟ ಎರಡು ಹಾರ್ಮೋನಿಯಂ:
ಬಳೇಪೇಟೆಯಲ್ಲಿ ಪೆಟ್ಟಿಗೆ ರಿಪೇರಿ ಮಾಡುವವರಂತೆ ಮೇಡಂ.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ,
ಇನ್ನೊಂದು ಕಂಪ್ಯೂಟರ್ ಡಬ್ಬಿಯ ಕಪ್ಪು ವೈರಿಗೆ.
ಸೊನ್ನೆ. ಸೊನ್ನೆ. ಪಾಯಿಂಟ್ ಸೊನ್ನೆ ಎರಡು.
ಶ್ರುತಿ ಇಳೀತಲ್ಲ, ಅಂದರು ಅವರು, ನನಗಿಂತ ಒಂದುಸಿರು ಮೊದಲು.
ರೇಡಿಯೇಟರ್ ಫ್ಯಾನು ಗಿರ್ರೆಂದಿತು,
ಮೀಟರು ಎರಡು ವೋಲ್ಟಿಗೆ ಹಾರಿತು,
ಗಾಡಿ ಸತ್ತಿತು.

ಓಡುವಾಗ ಗಾಳಿ ಸಾಕು. ಸಿಗ್ನಲ್ಲಿನಲ್ಲಿ ಫ್ಯಾನು ಬೇಕು.
ಫ್ಯಾನೂ ಕಂಪ್ಯೂಟರೂ ವಾಪಸಾಗುವುದು ಒಂದೇ ಬೋಲ್ಟಿನಲ್ಲಿ;
ದೊಡ್ಡವನು ಬಾಗಿಲಿಗೆ ಬಂದು ನಿಂತರೆ
ಚಿಕ್ಕವನಿಗೆ ದಾರಿ ಎಲ್ಲಿ?

ಬ್ಯಾಟರಿ ಎತ್ತಿದೆ. ತಟ್ಟೆಯ ಕೆಳಗೆ ಬೋಲ್ಟು,
ವಾಷರಿನಡಿ ಬೆಳ್ಳಿ ಬಣ್ಣದ ಪೇಂಟು, ಕೆರೆಯದೆ ಬಿಗಿದದ್ದು.
ವೈರಿಗೆ ಟೇಪು; ಟೇಪಿನ ತುದಿ ಬಿಚ್ಚದ ಹಾಗೆ
ಮೇಣ ಹಚ್ಚಿದ ದಾರ ಎರಡು ಸುತ್ತು,
ಎಡಗೈಯ ಗಂಟು.

ಈ ರಸ್ತೆಯಲ್ಲಿ ಹಾಗೆ ಗಂಟು ಹಾಕುವ ಎಡಚ ನಾನೊಬ್ಬನೇ.
ಯಾವ ವರ್ಷವೋ, ಯಾವ ಓನರೋ,
ಬಂಪರ್ ಕೆಲಸ ಮುಗಿಸಿದ ಯಾವ ಹಬ್ಬದ ಹಿಂದಿನ ರಾತ್ರಿಯೋ.
ಎಮರಿ ಪೇಪರಿಗೆ ಹತ್ತು ನಿಮಿಷ ಇರಲಿಲ್ಲ ನನ್ನ ಹತ್ತಿರ.

ಏನಿತ್ತು? ಅಂದರು.
ತುಕ್ಕು, ಅಂದೆ.
ತಗಡು ಹೊಳೆಯುವವರೆಗೆ ಉಜ್ಜಿದೆ, ಬೇಕಾದ್ದಕ್ಕಿಂತ ಜಾಸ್ತಿ.
ಗಂಟು ಕತ್ತರಿಸಿ ಜೇಬಿಗೆ ಹಾಕಿಕೊಂಡೆ.
ಟೀ ದುಡ್ಡು ಕೊಡಿ ಸಾಕು, ಅಂದಾಗ
ಒಂದು ರೀಡು ಸುಳ್ಳು ನುಡಿದರೆ ಪೆಟ್ಟಿಗೆಯನ್ನು ನೋಡುವ ಹಾಗೆ
ನನ್ನ ಮುಖ ನೋಡಿದರು.
ಕೇಳಲಿಲ್ಲ.

ಫ್ಯಾನು ತಿರುಗುತ್ತಿತ್ತು.
ಗಾಡಿ ನಿಂತೇ ಇತ್ತು, ಸಾಯದೆ.