ಕಪ್ಪಿಗೆ ಎಷ್ಟು ಮಾರ್ಕು

ಗುಳೇದಗುಡ್ಡದ ನಮ್ಮ ಅಂಗನವಾಡಿಗೆ
ಟ್ಯಾಬು ಬಂತು, ಬೆನ್ನಿಗೊಂದು ಫಾರ್ಮು:
ಆಟದ ಗುಣಮಟ್ಟ, ಹತ್ತಕ್ಕ ಎಷ್ಟು?

ಸರಿ ಒತ್ತಿದರ ಒಂದು ಚಿಕ್ಕಿ.
ತಪ್ಪೊತ್ತಿದರ
ಕಪ್ಪಿ ಕೆಸರಾಗ ದುಬುಕ್ಕನ ಬೀಳತೈತಿ.

ಎಷ್ಟು ಹುಂಜ? ಮೂರು.
ಗೊತ್ತೈತಿ ಶ್ರೀಶೈಲಗ.
ಆದ್ರೂ ಏಳು ಒತ್ತಿದ. ಮತ್ತ ಏಳು.
ಹೊಟ್ಟಿ ಹಿಡಕೊಂಡು ನಕ್ಕ.
ಬಿಬಿಜಾನ್ ಮಾತ್ರ ನಗಲಿಲ್ಲ:
"ಅಕ್ಕೋರ, ಕಪ್ಪಿಗೆ ಪೆಟ್ಟಾಗಂಗಿಲ್ಲೇನ್ರಿ?"

"ಪುನಃ ಪ್ರಯತ್ನಿಸಿರಿ" ಅಂತು ಟ್ಯಾಬು,
ಈ ಓಣ್ಯಾಗ ಯಾರೂ ಆಡದ ಕನ್ನಡದಾಗ.

ಚಾರ್ಜು ತೀರಿತು.
ಬಾಜು ಮನಿ ಮಗ್ಗದ ಸಪ್ಪಳದಾಗ
ಇಬ್ಬರೂ ಹುಣಸಿಬೀಜ ಎಣಿಸಿದರು,
ಏಳಕ್ಕೊಮ್ಮೆ ನೀರಿನ ಚರಗಿಗೆ ಒಂದು,
ದುಬುಕ್!

ಫಾರ್ಮಿನ ತಳಕ್ಕ, "ಇತರೆ" ಅಂಬಲ್ಲೆ ಬರದೆ:
ಕಪ್ಪಿ ಚಲೋ ಐತ್ರಿ.
ಸರಿ ಉತ್ತರಕ್ಕೂ ಒಂದು ಕೊಡ್ರಿ.